ದಾನಮ್ಮನ ಕೌದಿ, ಐದು ರೊಟ್ಟಿಯ ಕಾಯಿ

ನಮ್ಮ ಓಣಿಯಲ್ಲಿ ಬೇಡವೆಂದು ಕಟ್ಟೆಯ ಮೇಲಿಟ್ಟ ಸಾಮಾನು ಬೆಳಗಾಗುವುದರೊಳಗೆ ಬಲಗಡೆ ಮನೆಯ ಕಟ್ಟೆಗೆ ಹೋಗಿರುತ್ತದೆ. ಅವರಿಗೆ ಬೇಕಾದರೆ ಒಳಗೆ ತೆಗೆದುಕೊಳ್ಳುತ್ತಾರೆ. ಬೇಡವಾದರೆ ಅಲ್ಲೇ ಬಿಡುತ್ತಾರೆ, ಮರುದಿನ ಅದು ಅವರ ಬಲಗಡೆಗೆ ಹೋಗುತ್ತದೆ. ಓಣಿ ಬಳೆಯ ಹಾಗೆ ದುಂಡಗಿದೆ, ಇಪ್ಪತ್ತೊಂಬತ್ತು ಮನೆ. ಹೀಗಾಗಿ ನಮ್ಮಲ್ಲಿ ಯಾರ ಮನೆಯ ಸುದ್ದಿಯನ್ನೂ ಯಾರೂ ಬಾಯಿಬಿಟ್ಟು ಕೇಳುವ ಪ್ರಮೇಯವಿಲ್ಲ. ಕಟ್ಟೆಗೆ ಊರುಗೋಲು ಬಂತೆಂದರೆ ಎಡಗಡೆಯವರ ಕಾಲು ವಾಸಿಯಾಯಿತೆಂದು ಅರ್ಥ, ಒಂದು ಹಿಡಿ ಸಕ್ಕರೆ ತೆಗೆದುಕೊಂಡು ಹೋಗಿ ಮಾತಾಡಿಸಿಕೊಂಡು ಬರುತ್ತೇವೆ. ತೊಟ್ಟಿಲು ಬಂದರೆ ಅವರ ಮಗು ನಡೆಯತೊಡಗಿದೆ. ಒಂದು ಕಬ್ಬಿಣದ ಕುರ್ಚಿಯಂತೂ ನನ್ನ ಮದುವೆಗಿಂತ ಮೊದಲಿನಿಂದ ಸುತ್ತುತ್ತಿದೆ, ಕೂತವರಿಗೆಲ್ಲ ಚುಚ್ಚುತ್ತದೆ.

ಒಂದು ಮಾತು ಮಾತ್ರ ಉಂಟು. ಬಿಟ್ಟವರ ಬಾಗಿಲಿಗೆ ಅದು ತಿರುಗಿ ಬರುವುದಿಲ್ಲ. ಸುತ್ತು ಮುಗಿಸಿ ಬಂದಾಗ ಅವರ ಕಟ್ಟೆಯನ್ನು ದಾಟಿ ಆಚೆ ಮನೆಗೆ ಹೋಗಿಬಿಡುತ್ತದೆ. ನಮ್ಮ ಎಡಗಡೆ ಮನೆಯ ಹುಚ್ಚೂರಾವ್ ಮಾಸ್ತರರು, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಒಮ್ಮೆ ಸಿಟ್ಟಿನಲ್ಲಿ ತಮ್ಮ ಹಾರ್ಮೋನಿಯಂ ಹೊರಗಿಟ್ಟರು. ಆಮೇಲೆ ಪಶ್ಚಾತ್ತಾಪವಾಗಿ ಹನ್ನೆರಡನೇ ಮನೆಯಿಂದ ಹೊತ್ತು ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಬೀಗ ಹಾಗೇ ಇತ್ತು, ಹಾರ್ಮೋನಿಯಂ ನಮ್ಮ ಕಟ್ಟೆಯ ಮೇಲಿತ್ತು. ಅದಕ್ಕೇ ನಮ್ಮ ಓಣಿಯ ಹಿರಿಯರು ಮಕ್ಕಳಿಗೆ ಹೇಳುವ ಮೊದಲ ಬುದ್ಧಿಮಾತು, ಬಿಡುವ ಮುಂಚೆ ಮೂರು ಸಲ ನೋಡು ಅಂತ. ನಾನು ಒಂದು ಸಲವೂ ನೋಡಲಿಲ್ಲ.

ನಾನು ಗಿರಣಿ ಸಂಗನಬಸಪ್ಪ. ಜೋಳ, ಗೋಧಿ, ಕಾರ ಬೀಸಿ ಕೊಡುವುದು ಕಸಬು. ಹೆಸರಿಗೆ ಗಿರಣಿ ನನ್ನದು, ನಡೆಸುವವಳು ನನ್ನ ಹೆಂಡತಿ ದಾನಮ್ಮ. ಬೆಳಿಗ್ಗೆ ಮೂವತ್ತು ಡಬ್ಬಿ ಬಂದು ಸಾಲಾಗಿ ಕೂತರೆ ಯಾವುದಕ್ಕೂ ಹೆಸರಿಲ್ಲ, ಗುರುತಿಲ್ಲ. ಎಲ್ಲ ಒಂದೇ ತರದ ಎಣ್ಣೆ ಡಬ್ಬಿಗಳು. ಯಾವುದು ಯಾರದು, ಯಾರಿಗೆ ಸಣ್ಣಗೆ ಬೇಕು, ಯಾರ ಹಿಟ್ಟಿಗೆ ಒಂದು ಹಿಡಿ ಉದ್ದು ಸೇರಬೇಕು, ಎಲ್ಲ ಅವಳ ತಲೆಯಲ್ಲಿರುತ್ತಿತ್ತು. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಒಂದು ಡಬ್ಬಿ ಅದಲುಬದಲಾದದ್ದಿಲ್ಲ.

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನಿಂದ ಒಂದು ಕೌದಿ ನನ್ನ ತಲೆಯ ಮೇಲೆ ಬಿತ್ತು. ದಾನಮ್ಮನ ಅವ್ವ, ಅಂದರೆ ನನ್ನ ಅತ್ತೆ, ಹಳೆ ಅರಿವೆಯ ತುಂಡು ಕೂಡಿಸಿ ಹೊಲಿದದ್ದು. ಅತ್ತೆ ನಶ್ಯ ಏರಿಸುತ್ತಿದ್ದರು, ಅವರು ಹೋಗಿ ಎಂಟು ವರ್ಷವಾದರೂ ಕೌದಿಯಿಂದ ನಶ್ಯದ ವಾಸನೆ ಹೋಗಿರಲಿಲ್ಲ. ಹತ್ತು ಸೀನು ಸೀನಿದೆ. ಎಲ್ಲಿ ನೋಡಿದರೂ ಹರಿದಿತ್ತು, ಒಂದು ಮೂಲೆಯಲ್ಲಂತೂ ಹೊಲಿಗೆ ದಾರಿ ತಪ್ಪಿದ ಇರುವೆ ಸಾಲಿನ ಹಾಗೆ ಅಡ್ಡಾದಿಡ್ಡಿ ಹೋಗಿತ್ತು. ಹನ್ನೊಂದನೆಯ ಸೀನಿಗೆ ಸಿಟ್ಟು ನೆತ್ತಿಗೇರಿ ಅದನ್ನು ಮುದ್ದೆ ಮಾಡಿ ಹೊರಗೆ ಕಟ್ಟೆಯ ಮೇಲೆ ಒಗೆದೆ. ಅಲ್ಲಿ ದಾನಮ್ಮ ಅದೇ ದಿನ ಇಟ್ಟಿದ್ದ ಹಳೆ ಅರಿವೆಯ ಗಂಟೂ ಇತ್ತು.

ಮರುದಿನ ದಾನಮ್ಮ ಮನೆ ಎಲ್ಲ ಹುಡುಕಿದಳು. ನನ್ನನ್ನು ಕೇಳಿದಳು. "ಅವ್ವನ ಕೌದಿ ನೀವೇನರ ಹೊರಗಿಟ್ರೇನ್ರಿ?"

"ನಾನ್ಯಾಕ ಇಡ್ಲಿ?" ಎಂದೆ. ಅವಳ ಮುಖ ನೋಡಿ ಹೆದರಿ ಬಾಯಿಗೆ ಬಂದದ್ದು ಅದು. ಮಧ್ಯಾಹ್ನ ಹೇಳಿದರಾಯಿತು ಅಂದುಕೊಂಡೆ. ಮಧ್ಯಾಹ್ನ, ಸಂಜೆ ಹೇಳಿದರಾಯಿತು ಎನಿಸಿತು. ಸುಳ್ಳು ಒಂದು ರಾತ್ರಿ ಕಳೆದರೆ ಹಿಟ್ಟಿಗೆ ನೀರು ಬಿದ್ದ ಹಾಗೆ ಗಟ್ಟಿಯಾಗುತ್ತದೆ.

ತಿಂಗಳೆರಡು ಕಳೆದ ಮೇಲೆ ಕೌದಿ ಸುತ್ತು ಮುಗಿಸಿ ಮಾಸ್ತರರ ಕಟ್ಟೆಗೆ ಬಂದಿತು. ಯಾರ ಮನೆಯಲ್ಲೂ ನಿಂತಿರಲಿಲ್ಲ. ಎಲ್ಲರೂ ಒಂದೆರಡು ದಿನ ಇಟ್ಟುಕೊಂಡು, ಸೀನಿ, ಬಿಟ್ಟಿದ್ದರು. ದಾನಮ್ಮ ಸಂಜೆಯೇ ನಮ್ಮ ಕಟ್ಟೆ ತೊಳೆದು ರಂಗೋಲಿ ಹಾಕಿ ಕಾದಳು. ಬೆಳಿಗ್ಗೆ ನೋಡಿದರೆ ಕೌದಿ ನಮ್ಮನ್ನು ದಾಟಿ ಬಲಗಡೆಯ ಬಳೆಗಾರ್ತಿ ಮಾಬೂಬಿಯ ಕಟ್ಟೆಯ ಮೇಲಿತ್ತು. ಅಂದರೆ ಬಿಟ್ಟದ್ದು ನಮ್ಮ ಮನೆಯಿಂದಲೇ. ನಾನು ಬಿಟ್ಟಿಲ್ಲವೆಂದು ಹೇಳಿಯಾಗಿತ್ತು.

"ಹಂಗಾದ್ರ ನಾನ ಅರಿವಿ ಗಂಟಿನಾಗ ಇಟ್ಟೇನಿ," ಎಂದಳು ದಾನಮ್ಮ, ರಂಗೋಲಿಯ ಪಕ್ಕ ಕೂತು. "ನಂಗ ನೆನಪ ಇಲ್ಲ ನೋಡ್ರಿ. ಅವ್ವಗೂ ಹಿಂಗ ಸುರು ಆಗಿತ್ತು. ಕಡಿಕ್ಕ ನನ್ನ ನೋಡಿ, ಯಾರವಾ ನೀ, ಅಂದ್ಲು."

ಆ ಅಡ್ಡಾದಿಡ್ಡಿ ಮೂಲೆ ಅತ್ತೆಗೆ ಮರೆವು ಹಿಡಿದ ಮೇಲೆ ಹೊಲಿದದ್ದೆಂದು ಆವತ್ತು ನನಗೆ ಗೊತ್ತಾಯಿತು. ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ದಾನಮ್ಮ ಸೀಮೆಸುಣ್ಣದ ತುಂಡು ತಂದು ಒಂದೊಂದು ಡಬ್ಬಿಯ ಮೇಲೂ ಹೆಸರು ಬರೆಯತೊಡಗಿದಳು. ನೆನಪಿಗೆಂದು ಸೆರಗಿಗೆ ಗಂಟು ಹಾಕಿಕೊಳ್ಳುವಳು, ಗಂಟು ಯಾತಕ್ಕೆ ಹಾಕಿದೆನೆಂದು ಮತ್ತೆ ಚಿಂತೆ ಮಾಡುವಳು. ಜನ ಡಬ್ಬಿಯ ಮೇಲಿನ ಬರಹ ನೋಡಿ ಏನೂ ಅನ್ನದೆ ಹೋಗುತ್ತಿದ್ದರು. ಅವರು ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಹೀಗಿರುವಾಗ ಬೇಸಿಗೆಯಲ್ಲಿ ಮಾಸ್ತರರ ಕಡೆಯಿಂದ ಒಂದು ಕಂಪ್ಯೂಟರ್ ಬಂತು. ದಪ್ಪ ಪರದೆ, ಬೆಳ್ಳಗಿದ್ದದ್ದು ಹಳದಿಯಾಗಿತ್ತು. ಅವರಿಗೆ ಅವರ ಎಡಗಡೆಯವರಿಂದ ಬಂದಿತ್ತಂತೆ. ಕಟ್ಟೆಯ ಮೇಲೆ ನಿಂತು ಮಾಸ್ತರರು ವಿವರಿಸಿದರು.

"ಎಲ್ಲಾ ಅಳಿಸಿ ಹೋಗ್ಯದ ಸಂಗನಬಸಪ್ಪಾ. ಒಂದ ಆಟ ಉಳದದ. ಜಪಾನಿನವರದು, ಮಾಜಾಂಗ್ ಅಂತಾರ. ಅಕ್ಷರ ಒಂದೂ ತಿಳಿಯೂದಿಲ್ಲ, ನನಗಂತೂ ತಲಿನೋವು ಬಂತು."

ದಾನಮ್ಮನ ಮನಸ್ಸಿಗೆ ಸ್ವಲ್ಪ ಬದಲಾವಣೆಯಾದೀತೆಂದು ಒಳಗೆ ತಂದಿಟ್ಟೆ. ಅವಳು ಅದರ ಕಡೆ ತಿರುಗಿ ನೋಡಲಿಲ್ಲ. ನೋಡಿದವನು ನಾನು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಣಿ ನಿಲ್ಲಿಸುವ ಹೊತ್ತಿನಲ್ಲಿ ಅದರ ಮುಂದೆ ಕೂತೆ, ಮೊದಲ ಹದಿನೈದು ದಿನ ಸೋತೆ.

ಆಟದಲ್ಲಿ ನಾಲ್ಕು ಜನ. ನಾನೊಬ್ಬ, ಉಳಿದ ಮೂವರು ಪರದೆಯೊಳಗಿನವರು. ಒಬ್ಬ ದಪ್ಪ ಮೀಸೆಯ ಮುದುಕ, ಅವನನ್ನು ಮೀಸೆಪ್ಪ ಎಂದು ಕರೆದೆ. ಒಬ್ಬಳು ಕನ್ನಡಕದ ಹುಡುಗಿ, ಚಾಳೀಸಿನವಳು. ಮೂರನೆಯದು ಬೆಕ್ಕು. ಬೆಕ್ಕಿನ ಕೈಯಲ್ಲಿ ಸೋಲುವಾಗ ಆಗುವ ಅವಮಾನ ಬೇರೆ. ಆಟದ ಕಾಯಿಗಳು ಪುಟ್ಟ ಇಟ್ಟಿಗೆಗಳ ಹಾಗೆ, ಅವುಗಳ ಮೇಲಿನ ಚಿತ್ರಗಳಿಗೂ ನಾನೇ ಹೆಸರಿಟ್ಟೆ. ದುಂಡಗಿನ ಬಿಲ್ಲೆಗಳಿದ್ದವು ರೊಟ್ಟಿ, ಒಂದು ರೊಟ್ಟಿಯಿಂದ ಒಂಬತ್ತು ರೊಟ್ಟಿಯವರೆಗೆ. ಹಸಿರು ಕಡ್ಡಿಗಳಿದ್ದವು ಜೋಳದ ದಂಟು, ಅದರಲ್ಲಿ ಮೊದಲನೆಯದರ ಮೇಲೆ ಮಾತ್ರ ಒಂದು ಹಕ್ಕಿ, ಹೊಲಕ್ಕೆ ಬಂದ ಗುಬ್ಬಿ ಅಂದುಕೊಂಡೆ. ಏನೂ ಬರೆಯದ ಬಿಳಿ ಕಾಯಿ ಒಂದಿದೆ, ಅದು ಸುಣ್ಣದ ಗೋಡೆ. ಒಬ್ಬೊಬ್ಬರ ಕೈಯಲ್ಲಿ ಹದಿಮೂರು ಕಾಯಿ. ನಡುವೆ ಪೇರಿಸಿಟ್ಟ ಕಾಯಿಗಳಿಂದ ಒಂದು ಎತ್ತಬೇಕು, ಬೇಡದ ಒಂದನ್ನು ಬಿಡಬೇಕು. ಬಿಟ್ಟ ಕಾಯಿಗಳು ಅವರವರ ಮುಂದೆ ಎಲ್ಲರಿಗೂ ಕಾಣುವ ಹಾಗೆ ಸಾಲಾಗಿ ಕೂತಿರುತ್ತವೆ. ಒಂದೇ ತರದವೋ, ಎರಡು, ಮೂರು, ನಾಲ್ಕರಂತೆ ಒಂದರ ಹಿಂದೊಂದು ಬರುವವೋ, ಮೂರು ಮೂರರ ನಾಲ್ಕು ಗುಂಪು, ಒಂದು ಜೋಡಿ ಕೂಡಿದರೆ ಗೆದ್ದ ಹಾಗೆ. ಎಡಗಡೆಯವನು ಬಿಟ್ಟದ್ದು ನಮಗೆ ಹೊಂದಿದರೆ ಎತ್ತಿಕೊಳ್ಳಬಹುದು, ಗೆಲ್ಲುವ ಕೊನೆಯ ಕಾಯಿಯಾದರೆ ಯಾರು ಬಿಟ್ಟದ್ದನ್ನೂ ಎತ್ತಬಹುದು. ಇಷ್ಟು ತಿಳಿದಾಗಲೇ ಇದು ನಮ್ಮ ಓಣಿಯವರ ಆಟ, ಜಪಾನಿಗೆ ಹೇಗೆ ಹೋಯಿತು ಅನಿಸಿತ್ತು.

ಒಂದು ಮಧ್ಯಾಹ್ನ ನನ್ನ ಕೈ ಹೆಚ್ಚೂಕಡಿಮೆ ಕೂಡಿತ್ತು, ಐದು ರೊಟ್ಟಿಯ ಕಾಯಿ ಒಂದು ಬಂದರೆ ಸಾಕು. ಬೆಕ್ಕು ಐದು ರೊಟ್ಟಿ ಬಿಟ್ಟಿತು. ಗೆದ್ದೆನೆಂದು ಒತ್ತುವ ಗುಂಡಿ ಪರದೆಯ ಮೇಲೆ ಬರಲೇ ಇಲ್ಲ. ಆಟ ಮುಂದೆ ಹೋಯಿತು. ಮತ್ತೆ ಮೀಸೆಪ್ಪ ಐದು ರೊಟ್ಟಿ ಬಿಟ್ಟ, ಆಗಲೂ ಇಲ್ಲ. ಕಂಪ್ಯೂಟರಿಗೆ ಎರಡು ಏಟು ಹಾಕಿದೆ. ಆಮೇಲೆ ನನ್ನ ಮುಂದಿನ ಸಾಲು ನೋಡಿದೆ. ಆಟದ ಮೊದಲಲ್ಲೇ ನಾನು ಒಂದು ಐದು ರೊಟ್ಟಿ ಬೇಡವೆಂದು ಬಿಟ್ಟಿದ್ದೆ. ನಾಲ್ಕಾರು ದಿನ ಪರೀಕ್ಷೆ ಮಾಡಿ ನೋಡಿದೆ, ಅದೇ ನಿಯಮ. ತಾನು ಬಿಟ್ಟದ್ದನ್ನು ಇನ್ನೊಬ್ಬರು ಬಿಟ್ಟಾಗ ಎತ್ತಿಕೊಂಡು ಗೆಲ್ಲುವ ಹಾಗಿಲ್ಲ. ಪರದೆಯ ಮುಂದೆ ಕೂತು ನನಗೆ ನಾಚಿಕೆಯಾಯಿತು. ಯಾವುದೋ ದೇಶದ ಪೆಟ್ಟಿಗೆ ನನ್ನ ಕೌದಿಯ ಕತೆ ನನಗೇ ಹೇಳುತ್ತಿತ್ತು.

ದಾನಮ್ಮ ಹತ್ತಿರ ಬಂದದ್ದು ಆ ಆಟದ ಕೂಗಿಗೆ. ಯಾರಾದರೂ ಒಂದು ಕಾಯಿಗೆ ಕಾಯುವ ಹಂತಕ್ಕೆ ಬಂದರೆ ಪೆಟ್ಟಿಗೆಯೊಳಗಿನ ಒಬ್ಬ ಹೆಣ್ಣುಮಗಳು "ರೀಚ್" ಎಂದು ಕೂಗುತ್ತಾಳೆ, ಮೇಜಿನ ಮೇಲೆ ಒಂದು ಕಡ್ಡಿ ಬೀಳುತ್ತದೆ.

"ಆಕಿ ಯಾಕ ಒದರತಾಳ?"

"ನನ್ನ ಕೈ ತಯಾರ ಐತಿ, ಇನ್ನ ನಾ ಬದಲ ಮಾಡಂಗಿಲ್ಲ, ಅಂತ ಎಲ್ಲಾರ ಮುಂದ ಹೇಳೂದದು. ಹೇಳಿದ ಮ್ಯಾಲ ಬಂದದ್ದು ಬರ್ಲಿ ಅಂತ ಕುಂದರಬೇಕು."

"ಹೇಳಬೇಕೇನು? ಮುಚ್ಚಿಟ್ಗೊಂಡ್ರ ಆಗೂದಿಲ್ಲ?"

"ಆಗತೈತಿ. ಖರೇ ಹೇಳಿದ್ರ ಜಾಸ್ತಿ ಸಿಗತೈತಿ," ಎಂದೆ. ಹೇಳಿದ ಮೇಲೆ ನೀರು ಕುಡಿಯಲು ಎದ್ದು ಹೋದೆ.

ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದಳು. ಎಂಟು ದಿನ ಸುಮ್ಮನೆ ನೋಡಿದಳು. ಒಂಬತ್ತನೆಯ ದಿನ ನಾನು ಮೂರು ದಂಟು ಬಿಡಲು ಹೊರಟಾಗ ಕೈ ಹಿಡಿದಳು. "ಅದು ಬ್ಯಾಡ್ರಿ. ಮೀಸೆಪ್ಪ ಅದಕ್ಕ ಕುಂತಾನ. ಆಗಿಂದ ಎರಡು, ನಾಕು ಬಿಟ್ಟಿಲ್ಲ, ರೊಟ್ಟಿ ಎಲ್ಲಾ ಬಿಟ್ಟಾನ." ನಾನು ಕೇಳಲಿಲ್ಲ, ಬಿಟ್ಟೆ. ಮೀಸೆಪ್ಪ ಅದನ್ನೇ ಎತ್ತಿ ಗೆದ್ದ.

ಆವತ್ತಿನಿಂದ ಇಲಿ ಅವಳ ಕೈಗೆ ಹೋಯಿತು, ಕಂಪ್ಯೂಟರಿನದು. ನಾನು ಸ್ಟೂಲಿಗೆ ಇಳಿದೆ. ದಾನಮ್ಮ ಪರದೆಯ ಮೇಲಿನ ಸಾಲುಗಳನ್ನು ನೋಡುತ್ತಲೇ ಇರಲಿಲ್ಲ. ನಾಲ್ಕು ಜನರಲ್ಲಿ ಯಾರು ಏನು ಬಿಟ್ಟರು, ಯಾವುದರ ಹಿಂದೆ ಯಾವುದು ಬಿಟ್ಟರು, ಬಿಡುವ ಮುಂಚೆ ಎಷ್ಟು ತಡೆದರು, ಎಲ್ಲ ಹೇಳುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದಲೇ, ಚಾಳೀಸಿನಾಕಿ ಎರಡನೇ ಸುಣ್ಣದ ಗೋಡಿ ಬಿಟ್ಲೇನ್ರಿ, ಎಂದು ಕೇಳುವಳು. ಅವಳು ಗೆದ್ದಾಗ ನಾನು ಬೆಕ್ಕಿನ ಮುಖ ನೋಡಿ ಖುಷಿಪಡುತ್ತಿದ್ದೆ. ಒಂದು ದಿನ ಗಿರಣಿಯಲ್ಲಿ ನೋಡುತ್ತೇನೆ, ಡಬ್ಬಿಗಳ ಮೇಲೆ ಸೀಮೆಸುಣ್ಣ ಇಲ್ಲ. ಒರೆಸಿದ ಗುರುತು ಮಾತ್ರ ಇತ್ತು. ಮಾಬೂಬಿ ತನ್ನ ಡಬ್ಬಿ ತೆಗೆದುಕೊಂಡು, "ಯಕ್ಕಾ, ನಿನ್ನ ತಲಿ ತಿರಗಿ ಬಂತು ನೋಡು," ಎಂದಳು. ದಾನಮ್ಮ ನಕ್ಕಳು. ಗಿರಣಿಯ ಹಿಟ್ಟಿನ ಧೂಳಿನಲ್ಲಿ ನನಗೆ ಕಣ್ಣೀರು ಬಂದದ್ದು ಯಾರಿಗೂ ಕಾಣಲಿಲ್ಲ, ಕಂಡರೂ ಕಾರದ ಘಾಟು ಎನ್ನಬಹುದಿತ್ತು.

ಆದರೆ ತಲೆ ಸರಿಯಿದೆ ಎಂದು ಗೊತ್ತಾದವಳು ಸುಮ್ಮನಿರುತ್ತಾಳೆಯೇ. ದಸರೆ ಕಳೆದ ಮೇಲೆ ಒಂದು ಸಂಜೆ, ಗಿರಣಿ ಬಾಗಿಲು ಹಾಕಿ ಬಂದರೆ, ಕಂಪ್ಯೂಟರಿನ ಮುಂದಿನ ನನ್ನ ಸ್ಟೂಲಿನ ಮೇಲೆ ಕೌದಿ ಮಡಿಸಿಟ್ಟಿತ್ತು. ಆರನೆಯ ಸುತ್ತಿನಲ್ಲಿ ಮತ್ತೆ ಮಾಬೂಬಿಯ ಕಟ್ಟೆಗೆ ಬಂದಿತ್ತಂತೆ, ದಾನಮ್ಮ ಹೋಗಿ ಎತ್ತಿಕೊಂಡು ಬಂದಿದ್ದಳು. ಒಂದು ಸೀನು ಸೀನಿದೆ.

"ಆಟದಾಗ ಬಿಟ್ಟಾವಗ ಅಷ್ಟ ಇಲ್ಲ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ನೀವು ಬಿಟ್ಟದ್ದು ನಿಮಗಿಲ್ಲ. ಬೆಕ್ಕಿಗೆ ಐತಿ, ಮೀಸೆಪ್ಪಗ ಐತಿ. ಹೌದಿಲ್ಲೋ?"

"ಹೌದು."

"ಓಣ್ಯಾಗೂ ಹಂಗ ಇರಬೇಕು. ಇಷ್ಟ ದಿನ ತಿರಗಿ ತಂದಾವರೆಲ್ಲಾ ಬಿಟ್ಟಾವರ. ಅದಕ್ಕ ನಿಂತಿಲ್ಲ. ಇವತ್ತ ನಾ ಇದನ್ನ ಹೊದ್ಗೊಂಡು ಮಲಗತೇನಿ. ಮುಂಜಾನೆ ಇದ್ರ ನಾ ಬಿಟ್ಟಿಲ್ಲ. ಹೋಗಿದ್ರ ನಾನ ಬಿಟ್ಟೇನಿ, ಅವ್ವನ ಮರವು ನಂಗ ಬಂದೈತಿ. ಆಮ್ಯಾಲ ನಾ ಯಾರನ್ನೂ ಕೇಳಂಗಿಲ್ಲ. ಗಿರಣಿಗೂ ಬರಂಗಿಲ್ಲ."

ಆಟದ ಮಾತು ಆಟಕ್ಕೆ. ನಮ್ಮ ಓಣಿಯಲ್ಲಿ ಸಾಮಾನು ಬಿಟ್ಟವರ ಬಾಗಿಲು ದಾಟುತ್ತದೆ ಎಂದಷ್ಟೇ ಎಲ್ಲರಿಗೂ ಗೊತ್ತು, ಬಾಗಿಲೊಳಗೆ ಇಬ್ಬರಿದ್ದರೆ ಏನೆಂದು ಯಾರೂ ನೋಡಿದವರಿಲ್ಲ. ಬಾಗಿಲಿನದೇ ಲೆಕ್ಕವಾದರೆ ನಾನು ಒಗೆದ ಕೌದಿ ನಾಳೆ ಹೋಗಿಬಿಡುತ್ತದೆ, ದಾನಮ್ಮ ತನಗೆ ಹುಚ್ಚು ಮರೆವೆಂದು ತಾನೇ ತೀರ್ಪು ಬರೆದುಕೊಳ್ಳುತ್ತಾಳೆ. ಬೆಳಿಗ್ಗೆ ಕೌದಿ ಹೋದ ಮೇಲೆ ನಾನು ನಿಜ ಹೇಳಿದರೂ ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದಾಳು. ಹೇಳುವುದಿದ್ದರೆ ಈಗಲೇ.

ಪರದೆಯಲ್ಲಿ ಅವಳ ಕೈ ಕೂಡಿತ್ತು. ಅವಳು ಒತ್ತಿದಳು, ಒಳಗಿನ ಹೆಣ್ಣುಮಗಳು "ರೀಚ್" ಎಂದಳು, ಕಡ್ಡಿ ಬಿತ್ತು.

"ನಾ ಒಗದೆ," ಎಂದೆ.

ಅವಳು ತಿರುಗಲಿಲ್ಲ.

"ಕೌದಿ. ದೀಪಾವಳಿಗೆ. ನಶ್ಯಾದ ವಾಸನಿಗೆ ಸೀನು ಬಂದು ಸಿಟ್ಟಿಗೆದ್ದು ಒಗದೆ. ನೀ ಕೇಳಿದಾಗ ಹೆದರಿ ಸುಳ್ಳ ಹೇಳಿದೆ. ನಿನ್ನ ತಲಿಗೆ ಏನೂ ಆಗಿಲ್ಲ. ಏನೂ ಆಗಿದ್ದಿಲ್ಲ."

ಬೆಕ್ಕು ಒಂದು ಕಾಯಿ ಬಿಟ್ಟಿತು, ಮೀಸೆಪ್ಪ ಒಂದು ಬಿಟ್ಟ. ದಾನಮ್ಮನಿಗೆ ಬೇಕಾದ ಕಾಯಿಯೇ ಬಂದು ಪರದೆಯ ಮೇಲೆ ಗುಂಡಿ ಮಿನುಗುತ್ತಿತ್ತು. ಅವಳು ಒತ್ತಲಿಲ್ಲ.

"ಎಷ್ಟ ದಿನ ಆತು?"

"ಹನ್ನೊಂದು ತಿಂಗಳು, ಮ್ಯಾಲ ಎಂಟ ದಿನ."

"ತಿಂಗಳಗಟ್ಲೆ ನಾ ಡಬ್ಬಿ ಮ್ಯಾಲ ಹೆಸರು ಬರದೆ. ನೀವು ಬಾಜೂಕ ನಿಂತು ಹಿಟ್ಟು ಬೀಸಿದ್ರಿ." ಅವಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ದಿನಾ ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಹೆಸರು ಮನಸಿನಾಗ ಹೇಳಿ ನೋಡ್ತಿದ್ದೆ. ನೆನಪೈತೋ ಇಲ್ಲೋ ಅಂತ."

ಅವಳು ಕೌದಿ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಕರೆದಳು, ಬಡಿಸಿದಳು, ನನ್ನ ಕಡೆ ನೋಡಲಿಲ್ಲ. ಮಲಗುವಾಗ ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಕೌದಿಯ ಅರ್ಧ ಭಾಗವನ್ನು ನನ್ನ ಮೇಲೆ ಎಳೆದಳು. ಮೂವತ್ನಾಲ್ಕು ವರ್ಷದ ಅಭ್ಯಾಸ ಸಿಟ್ಟಿಗಿಂತ ದೊಡ್ಡದು.

ಬೆಳಿಗ್ಗೆ ಸೀನುತ್ತ ಎದ್ದೆ. ಕೈಕಾಲು ತಣ್ಣಗಾಗಿದ್ದವು, ನನ್ನ ಮೇಲೆ ಒಂದು ಎಳೆ ದಾರವೂ ಇರಲಿಲ್ಲ. ಹೋಯಿತು ಎಂದುಕೊಂಡು ಗಾಬರಿಯಿಂದ ತಿರುಗಿ ನೋಡಿದೆ. ಕೌದಿ ಪೂರ್ತಿ ದಾನಮ್ಮನ ಮೇಲಿತ್ತು, ಗದ್ದದವರೆಗೆ. ಅವಳು ಎಚ್ಚರವಾಗಿಯೇ ಇದ್ದು ಅದರ ಅಡ್ಡಾದಿಡ್ಡಿ ಮೂಲೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ಎಳಕೊಂಡ್ಯೇನು?" ಎಂದೆ.

"ನಾ ಮುಟ್ಟಿಲ್ಲ, ಅವ್ವನಾಣಿ." ಅವಳು ಕೌದಿಯ ಅಂಚನ್ನು ಮತ್ತೆ ನನ್ನ ಮೇಲೆ ಹಾಕಿದಳು. ನಮ್ಮ ಕಣ್ಣೆದುರಿಗೇ ಅಂಚು ಮೆಲ್ಲಗೆ ನನ್ನ ಹೊಟ್ಟೆ ದಾಟಿ, ಕೈ ದಾಟಿ, ಜಾರಿ ಅವಳ ಮಗ್ಗುಲಿಗೆ ಹೋಗಿ ಸೇರಿತು. ಇನ್ನೊಂದು ಸಲ ಹಾಕಿದಳು, ಇನ್ನೊಂದು ಸಲ ಹೋಯಿತು. ದಾನಮ್ಮ ನಕ್ಕಳು. ಮೊದಲು ಕೌದಿಯೊಳಗೆ ಮುಖ ಮುಚ್ಚಿಕೊಂಡು, ಆಮೇಲೆ ತಡೆಯಲಾರದೆ ಎದ್ದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುವಿನ ನಡುವೆ ಎಲ್ಲಿ ಅಳು ಸುರುವಾಯಿತೋ ನನಗೆ ಗೊತ್ತಾಗಲಿಲ್ಲ. ನಾನು ಅವಳ ಕಾಲ ಬಳಿ ಕೂತು ತಪ್ಪಾಯಿತೆಂದೆ. ಹಾಗೆ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೂರು ದಿನ ನಾನು ನಡುಗುತ್ತ ಮಲಗಿದೆ, ಬೇರೆ ಹೊದಿಕೆ ಮುಟ್ಟಲೂ, ಅಂಗಡಿಯ ಕಂಬಳಿ ತರಲೂ ಅವಳು ಬಿಡಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ನಾನು ಕಂಪ್ಯೂಟರ್ ಹಚ್ಚುವ ಹೊತ್ತಿಗೆ, ನನ್ನ ಹಳೆ ಅಂಗಿಗಳು, ಅವಳ ಎರಡು ಹಳೆ ಸೀರೆ, ಒಂದು ದಬ್ಬಣದಂಥ ಸೂಜಿ ತಂದು ನನ್ನ ಮುಂದೆ ಹಾಕಿದಳು.

"ಹೊರಗಿಂದ ಬಂದದ್ದು ಬ್ಯಾಡ. ಮನ್ಯಾಗಿನ ಅರಿವಿಲೆ ನಿಮ್ಮ ಕೌದಿ ನೀವ ಹೊಲಕೋರಿ. ನಾ ಆಟ ಆಡತೇನಿ."

ಈಗ ದಿನವೂ ಹಾಗೆಯೇ. ಅವಳು ಬೆಕ್ಕನ್ನು ಸೋಲಿಸುತ್ತಾಳೆ, ನಾನು ಸ್ಟೂಲಿನ ಮೇಲೆ ಕೂತು ಬೆರಳು ಚುಚ್ಚಿಕೊಳ್ಳುತ್ತೇನೆ. ಮಾಸ್ತರರು ಕಿಟಕಿಯಿಂದ ನೋಡಿ, "ಗಿರಣಿ ಬಿಟ್ಟು ಟೇಲರ್ ಆದಿ ಏನು," ಎಂದು ಹಂಗಿಸಿ ಹೋಗುತ್ತಾರೆ. ಹಿಟ್ಟು ಬೀಸುವ ಕೈಗೆ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಮೊನ್ನೆ ಮೊದಲ ಮೂಲೆ ಮುಗಿಯಿತು. ಕೌದಿ ಹಸಿದಿರಬಾರದೆಂದು ಮೂಲೆಯಲ್ಲಿ ನಾಲ್ಕು ಜೋಳದ ಕಾಳಿಟ್ಟು ಹೊಲಿಯುವುದು ನಮ್ಮಲ್ಲಿ ಪದ್ಧತಿ. ದಾನಮ್ಮ ಆಟ ನಿಲ್ಲಿಸಿ ಬಂದು ಕಾಳು ತಾನೇ ಇಟ್ಟಳು, ನಾನು ಹೊಲಿದು ಮುಚ್ಚಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಒಂದು ಎತ್ತಲೋ ಹೋಗಿತ್ತು.

"ಅವ್ವನ ಮೂಲಿ ಹಂಗ ಆಗೈತಿ," ಎಂದಳು.

"ಬಿಚ್ಚಿ ಮತ್ತ ಹಾಕತೇನಿ," ಎಂದು ಕತ್ತರಿಗೆ ಕೈಚಾಚಿದೆ.

ಅವಳು ಕತ್ತರಿಯನ್ನು ತೆಗೆದು ತನ್ನ ಹಿಂದೆ ಇಟ್ಟುಕೊಂಡಳು. "ಬ್ಯಾಡ್ರಿ, ಇರಲಿ," ಎಂದಳು, ಮತ್ತೆ ಆಟಕ್ಕೆ ಕೂತಳು.